ಹುಬ್ಬು ಗಂಟಿಕ್ಕಿದವರ ಪ್ರೇಮ

ಪ್ರೇಮದ ಕಾದಂಬರಿ ಓದುತ್ತೇನೆಂದು ಹೇಳಿಕೊಳ್ಳಲು ನಮ್ಮಲ್ಲಿ ಯಾಕೋ ಎಲ್ಲರಿಗೂ ಸಂಕೋಚ. ಕದ್ದು ಸಿನಿಮಾಕ್ಕೆ ಹೋದದ್ದನ್ನು ಹೇಳಿಕೊಂಡಾರು, ಇಸ್ಪೀಟಿನಲ್ಲಿ ಸೋತದ್ದನ್ನೂ ಹೇಳಿಕೊಂಡಾರು, ದಿಂಬಿನಡಿ ಇರುವ ಪುಸ್ತಕ ಯಾವುದೆಂದು ಕೇಳಿದರೆ ಮಾತ್ರ, "ಅದಾ? ಯಾರೋ ಬಿಟ್ಟುಹೋದದ್ದು" ಎನ್ನುತ್ತಾರೆ. ನನಗೆ ಆ ಸಂಕೋಚವಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಹಗಲೆಲ್ಲ ಹಳಗನ್ನಡ ಪದ್ಯದ ಅನ್ವಯ ಬಿಡಿಸಿ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕಾಫಿತೋಟದ ಮಾಲೀಕನಿಗೂ ಬಡ ಮೇಷ್ಟರ ಮಗಳಿಗೂ ಮದುವೆ ಮಾಡಿಸುವ ಕೆಲಸಕ್ಕೆ ಕೂರುತ್ತಿದ್ದೆ. ಹಗಲಿನ ಕೆಲಸ ಸಂಬಳಕ್ಕೆ, ರಾತ್ರಿಯದು ಸಂತೋಷಕ್ಕೆ.

ಇಂಥ ಪುಸ್ತಕ ಬರೆಯುವವರಿಗೂ ಓದುವವರಿಗೂ ನಡುವೆ ಒಂದು ಒಪ್ಪಂದವಿರುತ್ತದೆ. ಕೊನೆಯಲ್ಲಿ ಮದುವೆಯಾಗಲೇಬೇಕು. ನಡುವೆ ಒಂದು ತಪ್ಪು ತಿಳುವಳಿಕೆ, ಒಂದು ಜ್ವರ, ಒಂದು ಜೋರು ಮಳೆ ಬರಬೇಕು. ಇದನ್ನು ಕಂಡು ಮೂಗು ಮುರಿಯುವವರು ಇದ್ದಾರೆ. ಕಥೆ ಮೊದಲೇ ಗೊತ್ತಲ್ಲ, ಮತ್ತೇನು ಓದುತ್ತೀರಿ ಎಂದು ಕೇಳುತ್ತಾರೆ. ಊಟದ ಕೊನೆಗೆ ಮಜ್ಜಿಗೆ ಬರುತ್ತದೆಂದು ಗೊತ್ತಿದ್ದೇ ಅಲ್ಲವೇ ನಾವು ಎಲೆಯ ಮುಂದೆ ಕೂರುವುದು? ಆದ್ದರಿಂದ ನನ್ನ ತಕರಾರು ಕಥೆಯ ಮೇಲಲ್ಲ. ಕೊನೆಯ ಪುಟದಲ್ಲಿ ಯಾರಿಬ್ಬರ ತಲೆಯ ಮೇಲೆ ನಾನು ಅಕ್ಷತೆ ಹಾಕಬೇಕೋ, ಆ ಇಬ್ಬರೂ ನನಗೆ ಇಷ್ಟವಾಗದೆ ಹೋಗುತ್ತಾರಲ್ಲ, ಅದೇ ನನ್ನ ನಿರಾಸೆ. ಹೋಳಿಗೆ ಊಟವೆಂದು ಕರೆದು ಹೂರಣವಿಲ್ಲದ ಕಣಕ ಬಡಿಸಿದ ಹಾಗೆ.

ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹೆಸರು ದೊಡ್ಡದಾದರೂ ಜಾಗ ಪಾನ್‌ಬೀಡಾ ಅಂಗಡಿಯಷ್ಟೇ. ಹತ್ತು ರೂಪಾಯಿ ಠೇವಣಿ, ದಿನಕ್ಕೆ ಹತ್ತು ಪೈಸೆ ಬಾಡಿಗೆ. ಪುಸ್ತಕಗಳಿಗೆಲ್ಲ ಒಂದೇ ಬಗೆಯ ಖಾಕಿ ಕಾಗದದ ಹೊದಿಕೆ, ಬೆನ್ನಿಗೆ ಗೋಣಿದಾರದ ಹೊಲಿಗೆ. ಹೊದಿಕೆ ಮಾತ್ರವಲ್ಲ, ಒಳಗಿದ್ದ ಜನರೂ ಒಂದೇ ಎಂದು ತಿಳಿಯಲು ನನಗೆ ಒಂದು ಬೇಸಿಗೆ ರಜೆ ಸಾಕಾಯಿತು.

ನಾಯಕನನ್ನೇ ತೆಗೆದುಕೊಳ್ಳಿ. ಆತ ಆರಡಿ ಎತ್ತರ. ಎಸ್ಟೇಟೋ ಕಾರ್ಖಾನೆಯೋ ಇರುತ್ತದೆ, ಆದರೆ ಅಲ್ಲಿ ಆತ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ. ಹುಬ್ಬು ಸದಾ ಗಂಟು. ನಗುವುದಿಲ್ಲ, ನಕ್ಕರೆ ತುಟಿಯ ಒಂದು ಮೂಲೆ ಮಾತ್ರ. ಆಳುಕಾಳಿನ ಮೇಲೆ ರೇಗುತ್ತಾನೆ, ತಾಯಿಗೆ ಒಂದೇ ಮಾತಿನ ಉತ್ತರ ಕೊಡುತ್ತಾನೆ. ನಾಯಕಿ ಬಡ ಮೇಷ್ಟರ ಹಿರಿಯ ಮಗಳು, ತಪ್ಪಿದರೆ ಸೋದರಮಾವನ ಹಂಗಿನಲ್ಲಿರುವ ತಬ್ಬಲಿ. ಮಂಡಿ ಮುಟ್ಟುವ ಜಡೆ. ತಾನು ಚೆಲುವೆಯೆಂದು ಊರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಇನ್ನು ಮೂರನೆಯವಳು ಬರುತ್ತಾಳೆ: ಕತ್ತರಿಸಿದ ಕೂದಲು, ತೋಳಿಲ್ಲದ ರವಿಕೆ, ತುಟಿಗೆ ಬಣ್ಣ, ಬಾಯಲ್ಲಿ ಇಂಗ್ಲಿಷು, ಹೆಸರು ರೀಟಾ ಎಂದೋ ಮೋನಾ ಎಂದೋ. ಈ ಲೋಕದಲ್ಲಿ ಜಡೆ ಉದ್ದವಾದಷ್ಟೂ ಗುಣ ಹೆಚ್ಚು, ತೋಳು ಗಿಡ್ಡವಾದಷ್ಟೂ ಗುಣ ಕಡಿಮೆ. ದರ್ಜಿಯ ಟೇಪು ಹಿಡಿದು ಚಾರಿತ್ರ್ಯ ಅಳೆಯಬಹುದಾಗಿತ್ತು.

ಈ ಮೂವರಲ್ಲಿ ನನಗೆ ಕೊಂಚವಾದರೂ ಹಿಡಿಸುತ್ತಿದ್ದವಳು ಮೋನಾ. ಅವಳು ಕಾರು ಓಡಿಸುತ್ತಿದ್ದಳು, ಹಸಿವಾದರೆ ಹಸಿವಾಯಿತೆಂದು ಹೇಳುತ್ತಿದ್ದಳು, ಬೇಕಾದವನನ್ನು ಬೇಕು ಎನ್ನುತ್ತಿದ್ದಳು. ನಾಯಕಿಗೆ ಹಸಿವೆಂಬುದೇ ಇರಲಿಲ್ಲ. ಕೋಪ ಬರುತ್ತಿರಲಿಲ್ಲ, ತಮಾಷೆ ಗೊತ್ತಾಗುತ್ತಿರಲಿಲ್ಲ. ಏನಾದರೂ ಕೇಳಿದರೆ ತಲೆ ತಗ್ಗಿಸುತ್ತಿದ್ದಳು, ಕಷ್ಟ ಬಂದರೆ ಎಚ್ಚರ ತಪ್ಪುತ್ತಿದ್ದಳು. ನನ್ನ ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಸಾವಿರಾರು ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಬಡವರ ಮಕ್ಕಳು, ತಾಯಿಯಿಲ್ಲದ ಮಕ್ಕಳು, ಚಿಕ್ಕಮ್ಮನ ಕೈಯಲ್ಲಿ ಬೆಳೆದ ಮಕ್ಕಳು. ಅವರಲ್ಲಿ ಒಬ್ಬಳೂ ಹೀಗಿರಲಿಲ್ಲ. ಹೊಟ್ಟೆಗಿಲ್ಲದ ಮನೆಯಿಂದ ಬಂದವಳೇ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನ್ನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಬಡತನಕ್ಕೆ ನಗು ಮರೆತಿರುತ್ತದೆಂದು ಬರೆಯುವವರು ಬಡವರ ಮನೆಯ ಜಗಲಿಯಲ್ಲಿ ಒಂದು ಸಂಜೆ ಕೂತು ನೋಡಬೇಕು.

ಈ ಕಾದಂಬರಿಗಳಲ್ಲಿ ತಪ್ಪದೆ ಬರುವ ಒಂದು ಸನ್ನಿವೇಶವಿದೆ. ಯಾರೋ ಚಾಡಿ ಹೇಳಿರುತ್ತಾರೆ. ನಾಯಕ ಬಿರುಗಾಳಿಯಂತೆ ಬಂದು, ಹಿಂದು ಮುಂದು ವಿಚಾರಿಸದೆ ನಾಯಕಿಯ ಕೆನ್ನೆಗೆ ಬಾರಿಸುತ್ತಾನೆ. ಅವಳು ಕೆನ್ನೆ ಸವರಿಕೊಳ್ಳುತ್ತಾ, ಇಷ್ಟು ಕೋಪ ಬರಬೇಕಾದರೆ ಒಳಗೆ ಎಷ್ಟು ಪ್ರೀತಿಯಿರಬೇಕು ಎಂದುಕೊಳ್ಳುತ್ತಾಳೆ. ನಾವೂ ಹಾಗೇ ಅಂದುಕೊಳ್ಳಬೇಕೆಂದು ಲೇಖಕರ ಅಪೇಕ್ಷೆ. ನನಗೋ, ಈ ಮನುಷ್ಯನಿಗೆ ಊಟದ ಹೊತ್ತಿನಲ್ಲಿ ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಇನ್ನೆಷ್ಟು ಪ್ರೀತಿ ಉಕ್ಕೀತು ಎಂದು ಭಯವಾಗುತ್ತಿತ್ತು. ಕೊನೆಯ ಅಧ್ಯಾಯದಲ್ಲಿ ಆತನ ಗಡಸಿಗೆ ಕಾರಣ ಸಿಗುತ್ತದೆ; ಹಿಂದೆ ಯಾವಳೋ ಮೋಸ ಮಾಡಿದ್ದಳಂತೆ. ಇಪ್ಪತ್ತು ಅಧ್ಯಾಯದ ಒರಟುತನಕ್ಕೆ ಅರ್ಧ ಪುಟದ ಸಮಜಾಯಿಷಿ. ಕ್ಷಮೆ ಕೇಳುವುದಂತೂ ಇಲ್ಲ. "ಹುಚ್ಚಿ!" ಎಂದು ಅವಳ ತಲೆ ನೇವರಿಸಿದರೆ ಮುಗಿಯಿತು.

ಎಲ್ಲರೂ ಒಂದೇ ಅಚ್ಚಿನವರು ಎಂಬುದೇ ದೋಷವೇ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಅಚ್ಚು ದೋಷವಲ್ಲ. ನಮ್ಮ ಕಡೆಯ ಯಕ್ಷಗಾನ ನೋಡಿ. ತೆರೆ ಸರಿಯುವ ಮೊದಲೇ, ಕಾಣುವ ಕಿರೀಟದ ತುದಿಯಿಂದ, ಕೇಳುವ ಅಬ್ಬರದಿಂದ ಬರುವವನು ರಾಜನೋ ರಾಕ್ಷಸನೋ ಹಾಸ್ಯಗಾರನೋ ಎಂದು ಮಕ್ಕಳೂ ಹೇಳುತ್ತಾರೆ. ಬಣ್ಣದ ವೇಷವೆಂದರೆ ಬಣ್ಣದ ವೇಷವೇ. ಆದರೂ ಆ ವೇಷದ ಒಡ್ಡೋಲಗ ನೋಡಲು ಜನ ನಿದ್ದೆಗಣ್ಣು ಒರೆಸಿಕೊಂಡು ಕಾಯುತ್ತಾರೆ. 'ಗದಾಯುದ್ಧ'ದಲ್ಲಿ ಕೊಳದಿಂದ ಮೇಲೆದ್ದು ಬರುವ ಕೌರವನಿಗಾಗಿ ಕಣ್ಣೀರು ಹಾಕುವವರು ಅವನ ಪಕ್ಷದವರೇನಲ್ಲ. 'ಪಂಚವಟಿ'ಯ ಶೂರ್ಪನಖಿಯೂ ತನ್ನ ಆಸೆಗೆ ತಾನೇ ವಕಾಲತ್ತು ಮಾಡುತ್ತಾಳೆ. ತಾಳಮದ್ದಲೆಯಲ್ಲಂತೂ ಬಣ್ಣವೂ ಇಲ್ಲ, ಕುಣಿತವೂ ಇಲ್ಲ. ಕೂತು ಮಾತಾಡಿದ್ದೇ ಎಲ್ಲ. ಅಲ್ಲಿ ಸೋಲುವುದು ಖಂಡಿತವಾದ ಪಾತ್ರಕ್ಕೂ ತನ್ನ ಮಾತನ್ನು ಪೂರ್ತಿ ಆಡುವ ಹಕ್ಕಿದೆ. ಅದನ್ನೇ ನಾವು ಅರ್ಥಗಾರಿಕೆ ಎನ್ನುವುದು.

ನನ್ನ ಖಾಕಿ ಹೊದಿಕೆಯ ಜನರಿಗೆ ಇಲ್ಲದ್ದು ಇದೇ. ಅವರಿಗೆ ವೇಷ ಕೊಟ್ಟರು, ಅರ್ಥ ಹೇಳಲು ಬಿಡಲಿಲ್ಲ. ಮೋನಾಳಿಗೆ ಏನು ನೋವಿತ್ತೋ ಯಾರೂ ಕೇಳಲಿಲ್ಲ. ಕೈ ಹಿಡಿಯುತ್ತಾನೆಂದು ಅವಳೂ ನಂಬಿದ್ದಿರಬಹುದು. ನಾಯಕಿ ಯಾಕೆ ಸುಮ್ಮನಿದ್ದಳೆಂದೂ ಕೇಳಲಿಲ್ಲ. ಸುಮ್ಮನಿರುವುದೇ ಅವಳ ಗುಣವೆಂದುಬಿಟ್ಟರು. ನಾಯಕನಿಗೂ ಅದೇ ಗತಿ. ಅವನ ಹುಬ್ಬಿನ ಗಂಟನ್ನು ಮತ್ತೆ ಮತ್ತೆ ವರ್ಣಿಸಿದರೇ ಹೊರತು, ಅದರ ಹಿಂದೆ ಹೆದರಿಕೆಯಿತ್ತೋ ದುಃಖವಿತ್ತೋ ಬರೀ ಸೊಕ್ಕಿತ್ತೋ ಎಂದು ಇಣುಕಿ ನೋಡಲಿಲ್ಲ. ಮಾತು ಕೇಳದೆ ಯಾರನ್ನಾದರೂ ಇಷ್ಟಪಡುವುದು ಹೇಗೆ?

ಬರೆಯುವವರ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. 'ಸುಧಾ' ಶುರುವಾದದ್ದು 1965ರಲ್ಲಿ. ವಾರಪತ್ರಿಕೆಯ ಧಾರಾವಾಹಿ ಎಂದರೆ ನಮ್ಮ ಮನೆಗಳಲ್ಲಿ ಆಗ ಏನು ಸಡಗರ! ಪತ್ರಿಕೆ ಬಂದ ದಿನ ಯಾರು ಮೊದಲು ಓದಬೇಕೆಂದು ಜಗಳವಾಗುತ್ತಿತ್ತು. ಆದರೆ ಧಾರಾವಾಹಿಗೆ ಅದರದೇ ಇಕ್ಕಟ್ಟುಗಳಿವೆ. ಪ್ರತಿ ವಾರ ಇಂತಿಷ್ಟೇ ಪುಟ, ಕೊನೆಯಲ್ಲಿ ಒಂದು ಕುತೂಹಲದ ಎಳೆ. ಕಳೆದ ವಾರದ ಕಂತು ತಪ್ಪಿಸಿಕೊಂಡವರಿಗೂ ಈ ವಾರ ಇವಳು ಒಳ್ಳೆಯವಳು, ಅವಳು ಕೆಟ್ಟವಳು ಎಂದು ಎರಡು ಸಾಲಿನಲ್ಲಿ ಗೊತ್ತಾಗಬೇಕು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪತ್ರಿಕೆ ಹಿಡಿದು ಓದುವವರಿಗೆ ಚೀಟಿ ಅಂಟಿಸಿದ ಡಬ್ಬಿಯಂತೆ ಪಾತ್ರಗಳಿದ್ದರೆ ಅನುಕೂಲವೇ. ಇದನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಎಂದು ಹೀಗಳೆದವರ ಗುಂಪಿಗೆ ನಾನು ಸೇರುವುದಿಲ್ಲ. ಸ್ಕೂಲು ಬಿಡಿಸಿ ಮನೆಯಲ್ಲಿ ಕೂರಿಸಿದ ಎಷ್ಟೋ ಹುಡುಗಿಯರಿಗೆ ಅಕ್ಷರ ಮರೆಯದಂತೆ ಮಾಡಿದ್ದು ಈ ಧಾರಾವಾಹಿಗಳೇ. ಡಬ್ಬಿಗೆ ಚೀಟಿ ಇರಲಿ. ಒಳಗೆ ಬೇಳೆಯೂ ಇರಲಿ ಎಂದಷ್ಟೇ ನನ್ನ ಕೋರಿಕೆ.

ಹುಬ್ಬು ಗಂಟಿಕ್ಕುವ ಗಂಡಸು ನಮ್ಮ ಸ್ವಂತ ಬೆಳೆಯೇನಲ್ಲ. ಕಾಲೇಜಿಗೆಂದು ಶಿವಮೊಗ್ಗೆಯ ಹಾಸ್ಟೆಲಿಗೆ ಹೋದಾಗ ಅವನ ಅಣ್ಣತಮ್ಮಂದಿರು ಇಂಗ್ಲಿಷಿನಲ್ಲಿ ಸಿಕ್ಕರು. ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿದ ಮಿಲ್ಸ್ ಅಂಡ್ ಬೂನ್ ಕಂಪನಿಯ ತೆಳ್ಳನೆಯ ಪುಸ್ತಕಗಳು ಅರ್ಥಶಾಸ್ತ್ರದ ದಪ್ಪ ಪುಸ್ತಕದೊಳಗೆ ಅಡಗಿ ಕೋಣೆಯಿಂದ ಕೋಣೆಗೆ ಸಂಚರಿಸುತ್ತಿದ್ದವು. ಅಲ್ಲೂ ಅದೇ ಎತ್ತರ, ಅದೇ ಸಿಡುಕು. ಕಾಫಿತೋಟದ ಬದಲು ಗ್ರೀಸಿನಲ್ಲಿ ಹಡಗುಗಳು, ಅಷ್ಟೆ. ಇವರೆಲ್ಲರ ಮುತ್ತಜ್ಜ ಸಿಕ್ಕಿದ್ದು ಪಠ್ಯದಲ್ಲಿ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಡಾರ್ಸಿ. ಎತ್ತರದ ಆಳು, ಸಿರಿವಂತ, ಬಿಗುಮಾನದವನು. ನೃತ್ಯಕೂಟದಲ್ಲಿ ಎಲಿಜಬೆತ್‌ಳನ್ನು ಅವಳ ಕಿವಿಗೆ ಬೀಳುವಂತೆಯೇ ಹೀಗಳೆಯುತ್ತಾನೆ. ನಮ್ಮ ನಾಯಕಿಯಾಗಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲಿಜಬೆತ್ ಅದನ್ನು ಗೆಳತಿಯರಿಗೆ ಹೇಳಿ ನಗಾಡುತ್ತಾಳೆ! ಅವನು ಬಂದು ಮದುವೆಯಾಗೆಂದು ಕೇಳಿದಾಗ ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಎನ್ನುತ್ತಾಳೆ. ಅವನ ನಡತೆ ಸರಿಯಿಲ್ಲವೆಂದು ಕಾರಣವನ್ನೂ ಹೇಳುತ್ತಾಳೆ. ಆ ಮಾತು ಅವನಿಗೆ ನಾಟುತ್ತದೆ. ಕಾಗದ ಬರೆದು ತನ್ನ ಪಕ್ಷ ಹೇಳಿಕೊಳ್ಳುತ್ತಾನೆ. ಆಮೇಲೆ ನಿಜಕ್ಕೂ ಬದಲಾಗುತ್ತಾನೆ. ಅದಕ್ಕೇ ಎರಡನೆಯ ಸಲ ಕೇಳಿದಾಗ ಅವಳು ಒಪ್ಪಿದರೆ ನಮಗೆ ಸಂತೋಷವಾಗುವುದು. ಅವನ ನಂತರ ಬಂದವರು ಹುಬ್ಬನ್ನು ಉಳಿಸಿಕೊಂಡರು, ಬದಲಾಗುವುದನ್ನು ಕೈಬಿಟ್ಟರು. ಅವಳ ನಂತರ ಬಂದವರು ನಗೆಯನ್ನೇ ಮರೆತರು.

ದೂರದ ಉದಾಹರಣೆ ಯಾಕೆ? ನಮ್ಮ ತ್ರಿವೇಣಿಯವರು ಇಲ್ಲವೇ? ಮನಶ್ಶಾಸ್ತ್ರ ಓದಿದ್ದ ಅವರು ಮನುಷ್ಯರ ಒಳಗನ್ನು ಕಂಡು ಬರೆದರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ 'ಬೆಳ್ಳಿಮೋಡ'ದಲ್ಲೂ ಎಸ್ಟೇಟಿದೆ, ಮದುವೆಯ ಮಾತಿದೆ, ಅಪಘಾತವಿದೆ, ಶುಶ್ರೂಷೆಯಿದೆ. ಸಾಮಾನೆಲ್ಲ ಅದೇ. ಆದರೆ ಆಸ್ತಿಗೆ ವಾರಸುದಾರನಾಗಿ ತಮ್ಮ ಹುಟ್ಟಿದನೆಂದು ಇಂದಿರೆಯ ಕೈಬಿಟ್ಟ ಮೋಹನ, ಅವಳ ಆರೈಕೆಯಲ್ಲಿ ಗುಣವಾದ ಮೇಲೆ ಈಗ ಪ್ರೀತಿ ಬಂದಿದೆ ಎಂದರೆ ಅವಳು ಒಪ್ಪುವುದಿಲ್ಲ. ರಂಪ ಮಾಡುವುದಿಲ್ಲ, ಶಪಿಸುವುದಿಲ್ಲ, ಆಗುವುದಿಲ್ಲ, ಅಷ್ಟೆ. ಪುಟ್ಟಣ್ಣ ಕಣಗಾಲರು 1967ರಲ್ಲಿ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಇಂದಿರೆಯಾದರು. ನಮ್ಮೂರ ಟೂರಿಂಗ್ ಟಾಕೀಸಿಗೆ ಅದು ಬಂದಾಗ ಹೆಂಗಸರ ಕಡೆಯ ಜಮಖಾನದಲ್ಲಿ ಪಿಟ್ಟೆನ್ನುವ ಸದ್ದಿರಲಿಲ್ಲ. ಮದುವೆಯಿಲ್ಲದೆ ಮುಗಿದ ಕಥೆಯನ್ನು ಜನ ಎದೆಗೆ ಒತ್ತಿಕೊಂಡರು. ಎಂ. ಕೆ. ಇಂದಿರಾ ಅವರೂ ಅಷ್ಟೆ. ಉಳಿದವರ ಕಾದಂಬರಿಗಳಲ್ಲಿ ಕಾಫಿಲೋಟ ತಂದಿಟ್ಟು ಮರೆಯಾಗುವ ಮಡಿ ಹೆಂಗಸನ್ನು 'ಫಣಿಯಮ್ಮ'ದಲ್ಲಿ (1976) ನಡುಮನೆಗೆ ಕರೆತಂದು ಕೂರಿಸಿದರು. ಓದುಗರಿಗೆ ಹಿಡಿಸುವುದಿಲ್ಲವೆಂಬುದು ಬರೀ ನೆವ ಎಂದು ಈ ಇಬ್ಬರೂ ತೋರಿಸಿಕೊಟ್ಟಿದ್ದಾರೆ.

ಹಗುರಾದ ಪುಸ್ತಕದ ಮೇಲೆ ಇಷ್ಟು ಭಾರದ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ನನ್ನ ದೊಡ್ಡಪ್ಪನ ಮಗಳ ವಿಷಯ ಹೇಳಬೇಕು. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನನಗೆ ಈ ಓದಿನ ಚಟ ಹಿಡಿಸಿದವಳೇ ಅವಳು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಳು. ಲೈಬ್ರರಿಯಲ್ಲಿ ಅವಳು ಓದದ ಪುಸ್ತಕವಿರಲಿಲ್ಲ. ಹೆಣ್ಣು ನೋಡಲು ಬಂದವನು ತಲೆಯೆತ್ತಿ ಒಂದು ಮಾತಾಡಲಿಲ್ಲ, ಉಪ್ಪಿಟ್ಟಿನ ತಟ್ಟೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ. ಯಾಕೋ ಬಿರುಸು ಜಾಸ್ತಿ ಎಂದು ದೊಡ್ಡಮ್ಮನೇ ಗೊಣಗಿದರು. ಅಕ್ಕ ಒಪ್ಪಿದಳು. ಆ ರಾತ್ರಿ ನನ್ನ ಪಕ್ಕ ಮಲಗಿ ಹೇಳಿದಳು: "ಒಳಗೆ ಪ್ರೀತಿ ಇರೋರೇ ಹೊರಗೆ ಹಾಗಿರೋದು ಕಣೇ. ನಿಂಗೆ ಗೊತ್ತಾಗಲ್ಲ ಬಿಡು."

ಭಾವ ಕೆಟ್ಟವರಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಹೊರಗೆ ಹೇಗಿದ್ದರೋ ಒಳಗೂ ಹಾಗೇ ಇದ್ದರು, ಅಷ್ಟೆ. ಮನೆಗೆ ಬೇಕಾದದ್ದೆಲ್ಲ ತಂದು ಹಾಕಿದರು. ಮಾತು ಮಾತ್ರ ತರಲಿಲ್ಲ. ಜ್ವರ ಬಂದಿತು, ಮಳೆ ಬಂದಿತು, ಮಕ್ಕಳಾದರು; ತುಟಿಯ ಆ ಒಂದು ಮೂಲೆ ಕೂಡ ಸಡಿಲಾಗಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿ ಅವರು ತೀರಿಕೊಂಡ ಮೇಲೆ, ತಿಂಗಳುಗಳು ಕಳೆದು, ನಾವಿಬ್ಬರೇ ಅಡಿಕೆ ಹೋಳು ಮಾಡುತ್ತಾ ಕೂತಿದ್ದಾಗ ಅಕ್ಕ ಇದ್ದಕ್ಕಿದ್ದಂತೆ ಹೇಳಿದಳು: "ಕೊನೇ ಕಂತು ಬರ್ಲೇ ಇಲ್ಲ ಮಾರಾಯ್ತಿ." ಅಳಲಿಲ್ಲ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಕಾದಂಬರಿ ಓದಿಯೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ದೊಡ್ಡಪ್ಪನ ಕೈಯಲ್ಲಿ ದುಡ್ಡಿರಲಿಲ್ಲ, ಅವಳ ಹಿಂದೆ ಇನ್ನೂ ಮೂವರು ತಂಗಿಯರು ಕಾದಿದ್ದರು. ಒಲ್ಲೆನೆಂದಿದ್ದರೂ ಇನ್ನೊಬ್ಬ ಹೀಗೇ ಬರುತ್ತಿದ್ದನೇನೋ. 'ಬೆಳ್ಳಿಮೋಡ'ವನ್ನೂ ಅವಳು ಕಣ್ಣೀರಿಟ್ಟು ನೋಡಿದವಳೇ. ಆದರೆ ಒಬ್ಬಳು ಇಂದಿರೆಯ ಎದುರು ತಲೆ ತಗ್ಗಿಸಿದ ನೂರು ಮಂದಿ ನಾಯಕಿಯರು ನಿಂತಿದ್ದರಲ್ಲ! ಗಡಸು ಗಂಡಸಿನೊಳಗೆ ಎಳನೀರಿದೆ, ಕಾದರೆ ಸಿಗುತ್ತದೆ ಎಂದು ಅವರೆಲ್ಲ ಅವಳಿಗೆ ಹೇಳಿಕೊಟ್ಟಿದ್ದರು. ಕೆಲವು ಕಾಯಿ ಒಣಗಿದ ಕೊಬ್ಬರಿಯೂ ಆಗಿರುತ್ತದೆ ಎಂದು ಹೇಳುವವರು ಬೇಕಿತ್ತು.

ಹಾಗೆಂದು ಓದುವವರೆಲ್ಲ ಹೇಳಿದ್ದನ್ನು ನುಂಗುವವರೆಂದು ತಿಳಿಯಬೇಡಿ. ಲೈಬ್ರರಿ ಮುಚ್ಚಿದಾಗ ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಾರೆಂದು ತಿಳಿದು ನಾನು ಹೋಗಿ ಒಂದಷ್ಟನ್ನು ತಂದೆ. ಅವುಗಳ ಅಂಚಿನಲ್ಲಿ ಪೆನ್ಸಿಲಿನ ಬರಹಗಳಿವೆ. ಪುಸ್ತಕ ಹಾಳುಮಾಡಬಾರದೆಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಇವನ್ನು ಓದುವಾಗ ಮಾತ್ರ ಆ ಪಾಠ ನೆನಪಾಗುವುದಿಲ್ಲ. ನಾಯಕ ಕೈಯೆತ್ತುವ ಪುಟದಲ್ಲಿ ಒಬ್ಬಳು, "ಇವನಿಗೆ ಯಾರಾದರೂ ಎರಡು ಬಿಡಿ" ಎಂದು ಬರೆದಿದ್ದಾಳೆ. ಅದರ ಕೆಳಗೆ ಬೇರೊಂದು ಕೈಬರಹ: "ಬಿಟ್ಟರೆ ಕಥೆ ಮುಗಿಯುತ್ತದಲ್ಲ!" ಮೋನಾಳಂಥ ಒಬ್ಬಳು ಸೋತು ಊರು ಬಿಡುವ ಕಡೆ, "ಪಾಪ, ಇವಳು ಪರವಾಗಿಲ್ಲ" ಎಂದಿದೆ. ಇನ್ನೊಂದರಲ್ಲಿ ನಾಯಕಿ ಎಚ್ಚರ ತಪ್ಪುವ ಜಾಗಕ್ಕೆ ಗೆರೆ ಎಳೆದು, "ನಾಲ್ಕನೇ ಸಲ" ಎಂದು ಲೆಕ್ಕ ಹಾಕಿದ್ದಾಳೆ. ಹತ್ತು ಪೈಸೆಯ ಈ ವಿಮರ್ಶಕಿಯರು ಯಾರೋ, ಈಗ ಎಲ್ಲಿರುವರೋ. ಪಾತ್ರಗಳಿಗೆ ಸಿಗದ ಅರ್ಥಗಾರಿಕೆಯನ್ನು ಇವರು ಅಂಚಿನಲ್ಲಿ ನಡೆಸುತ್ತಿದ್ದರು.

ಈಗ ಕಥೆಗಳು ಟೀವಿಯಲ್ಲಿ ಸಂಜೆ ಸಂಜೆ ಬರುತ್ತವೆ, ಮೊಬೈಲಿನಲ್ಲೂ ಕಂತು ಕಂತಾಗಿ ಬರುತ್ತವೆ. ಎಸ್ಟೇಟ್ ಹೋಗಿ ದೊಡ್ಡ ಕಂಪನಿ ಬಂದಿದೆ, ಮಾಲೀಕ ಹೋಗಿ ಸಿ.ಇ.ಒ. ಬಂದಿದ್ದಾನೆ. ಜಡೆ ಕೊಂಚ ಮೋಟಾಗಿದೆ. ಹುಬ್ಬು ಮಾತ್ರ ಅದೇ ಗಂಟು. ಒಳ್ಳೆಯದು ಬರೆಯುವವರಿಲ್ಲವೆಂದಲ್ಲ; ನಗುವ ಹುಡುಗಿಯರೂ ತಪ್ಪೊಪ್ಪಿಕೊಳ್ಳುವ ಹುಡುಗರೂ ಅಲ್ಲಲ್ಲಿ ಕಾಣಿಸುತ್ತಾರೆ. ಅಂಥದ್ದು ಸಿಕ್ಕಿದ ರಾತ್ರಿ ನಾನು ದೀಪ ಆರಿಸುವುದು ತಡ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರೇಮ ಬರೆಯುವವರೇ, ದಯವಿಟ್ಟು ಬರೆಯಿರಿ, ನಾವು ಓದುತ್ತೇವೆ. ಮಳೆ ಬರಲಿ, ಜ್ವರ ಬರಲಿ, ಕೊನೆಗೆ ಓಲಗ ಊದಲಿ. ಆದರೆ ಅವಳಿಗೆ ಒಮ್ಮೆ ಹಸಿವಾಗಲಿ, ಒಮ್ಮೆ ಸಿಟ್ಟು ಬರಲಿ. ಅವನು ಮೂರನೆಯ ಅಧ್ಯಾಯದಲ್ಲೇ ಒಂದು ಸಲ ತಪ್ಪಾಯಿತೆನ್ನಲಿ. ಮೋನಾ ಹೋಗುವ ಮುನ್ನ ತನ್ನ ಮಾತು ಹೇಳಿ ಹೋಗಲಿ.

ಅಕ್ಕ ಈಗ ನನ್ನ ಜೊತೆಗೇ ಇದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮತ್ತೆ ಓದು ಶುರುವಾಗಿದೆ. ಮೊನ್ನೆ ಹೊಸದೊಂದು ಕಾದಂಬರಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಗಂಡು ಮಾತಾಡ್ತಾನೇನೇ?" ಎಂದು ಕೇಳಿದಳು.

"ಆಡ್ತಾನೆ ಅಕ್ಕ" ಎಂದೆ.

"ಹಾಗಾದ್ರೆ ಇಲ್ಲಿಡು" ಎಂದು ಕನ್ನಡಕ ಹುಡುಕಿದಳು.